ಎಡಗೈಯಲ್ಲಿ ಸೀಲು ಒತ್ತುವ ಗುಮಾಸ್ತ

ನಮ್ಮ ಅಪ್ಪನಿಗೆ ಅನುಮಾನ. ಯಾವುದರ ಮೇಲೆ ಎಂದು ಕೇಳಬೇಡಿ. ಯಾವುದರ ಮೇಲೆ ಇಲ್ಲ ಎಂದು ಕೇಳಿದರೆ ಪಟ್ಟಿ ಬೇಗ ಮುಗಿಯುತ್ತದೆ. ಬೆಳಿಗ್ಗೆ ಬರುವ ಪೇಪರಿನ ಅಂಚು ಸವರಿ, ಯಾರೋ ಓದಿ ಮಡಚಿ ಕಳಿಸಿದ್ದಲ್ಲ ಎಂದು ಖಾತ್ರಿಯಾದ ಮೇಲೆಯೇ ಬಿಚ್ಚುತ್ತಾರೆ. ಈ ತಿಂಗಳ ಮಾತ್ರೆಯ ಹಾಳೆಯನ್ನು ಹೋದ ತಿಂಗಳ ಖಾಲಿ ಹಾಳೆಯ ಜೊತೆ ಅಕ್ಷರ ಅಕ್ಷರ ತಾಳೆ ನೋಡುತ್ತಾರೆ. ಬೀದಿಯಲ್ಲಿ ಹಿಂದುಗಡೆ ಯಾರಾದರೂ ನಕ್ಕರೆ ನಿಂತು, ಮೊದಲು ತಮ್ಮ ಅಂಗಿಯ ಗುಂಡಿ ನೋಡಿಕೊಂಡು, ಆಮೇಲೆ ನಕ್ಕವರನ್ನು ನೋಡುತ್ತಾರೆ. ಕರೆಗಂಟೆ ಒತ್ತಿದವರಿಗೆ ಮೂರು ಪ್ರಶ್ನೆ: ಯಾರು, ಯಾರು ಕಳಿಸಿದ್ದು, ಯಾಕೆ ಇವತ್ತೇ ಬಂದದ್ದು. ನನ್ನ ಗಂಡನನ್ನೂ ಮೊದಲ ಸಲ ಹೀಗೇ ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದ್ದರು. ಮೂರನೆಯದಕ್ಕೆ ಪಾಪ, ಇವರು ಇನ್ನೂ ಉತ್ತರ ಹುಡುಕುತ್ತಿದ್ದಾರೆ.

ನಗುವವರು ನಗಲಿ. ಆದರೆ ಅಪ್ಪ ಹುಟ್ಟಿನಿಂದ ಹೀಗಿರಲಿಲ್ಲ. ನನಗೆ ಹನ್ನೆರಡು ವರ್ಷವಾಗುವವರೆಗೆ ನಮ್ಮ ಮನೆಯ ಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು. ಆ ವರ್ಷ ಒಂದು ನಗೆ ವಾರಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂತು. ಬಾಗಿಲು ಮುಚ್ಚಿಕೊಂಡದ್ದು ಆಮೇಲೆ.

ಅಪ್ಪ ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಕ್ಕರೆಗೆ ಪರ್ಮಿಟ್ ಬೇಕಾಗಿದ್ದ ಕಾಲ ಅದು. ಮದುವೆಯಿರಲಿ, ತಿಥಿಯಿರಲಿ, ಹೋಟೆಲಿರಲಿ, ಕಚೇರಿಯ ಕೌಂಟರಿನ ಮುಂದೆ ಸಾಲು ನಿಲ್ಲಬೇಕು. ಒಳಗೆ ಸಾಲಾಗಿ ಐದು ಮೇಜು, ಐದು ಗುಮಾಸ್ತರು, ಐದು ಸೀಲು. ನಾಲ್ವರು ಬಲಗೈಯಲ್ಲಿ ಸೀಲು ಒತ್ತುತ್ತಿದ್ದರು. ಅಪ್ಪ ಎಡಚರು. ಶಾಲೆಯಲ್ಲಿ ಮೇಷ್ಟರು ಎಷ್ಟು ಬಾರಿಸಿದರೂ ಕೈ ಬದಲಾಗಲಿಲ್ಲವಂತೆ.

ಚಿತ್ರ ಹೀಗಿತ್ತು. ಮೇಜಿನ ಹಿಂದೆ ಉದ್ದ ಕತ್ತಿನ ಒಬ್ಬ ಗುಮಾಸ್ತ. ಎಡಗೈಯಲ್ಲಿ ಪರ್ಮಿಟ್ಟಿಗೆ ಸೀಲು ಒತ್ತುತ್ತಿದ್ದಾನೆ. ಬಲಗೈ ಮೇಜಿನ ಕೆಳಗೆ ಇಳಿದು, ಕೌಂಟರಿನ ಅಡಿ ಹಾದು, ಜನರ ಕಾಲುಗಳ ನಡುವೆ ನುಸುಳಿ, ಸಾಲಿನಲ್ಲಿ ನಿಂತ ಏಳನೆಯವನ ಜೇಬಿನೊಳಗೆ ಹೊಕ್ಕಿದೆ. ಅಡಿಯಲ್ಲಿ ಅಚ್ಚಿನ ಮೊಳೆಯಲ್ಲಿ ಒಂದೇ ಸಾಲು: ‘ಸಾಲು ಬಿಡಬೇಡಿ, ನಾನೇ ನಿಮ್ಮ ಹತ್ತಿರ ಬರ್ತೀನಿ.’ ಮನಸ್ಸಿಲ್ಲದಿದ್ದರೂ ಒಪ್ಪುತ್ತೇನೆ, ಒಳ್ಳೆಯ ಚಿತ್ರ. ಬೇರೆ ಯಾರ ಅಪ್ಪನಾದರೂ ಆಗಿದ್ದರೆ ನಾನೂ ಬಿದ್ದು ಬಿದ್ದು ನಗುತ್ತಿದ್ದೆ.

ಪತ್ರಿಕೆ ಶನಿವಾರ ಬಂತು. ಸೋಮವಾರ ಅಪ್ಪ ಕಚೇರಿಗೆ ಹೋಗುವ ಹೊತ್ತಿಗೆ ಆ ಪುಟವನ್ನು ಕತ್ತರಿಸಿ ಯಾರೋ ಕೌಂಟರಿನ ಗಾಜಿಗೆ ಅಂಟಿಸಿದ್ದರು. ಸಾಲಿನಲ್ಲಿದ್ದವರು ಒಮ್ಮೆ ಚಿತ್ರ ನೋಡುವುದು, ಒಮ್ಮೆ ಅಪ್ಪನ ಕೈ ನೋಡುವುದು. ಮುಜುಗರ ತಾಳಲಾರದೆ ಅಪ್ಪ ಮಧ್ಯಾಹ್ನದ ಮೇಲೆ ಸೀಲನ್ನು ಬಲಗೈಗೆ ತೆಗೆದುಕೊಂಡರು. ಮಾಡಿದ್ದೇ ತಪ್ಪಾಯಿತು. ‘ನೋಡಿದ್ರಾ, ಕೈ ಬದಲಾಯಿಸಿಬಿಟ್ಟ,’ ಎಂದು ಸಾಲಿನಿಂದ ಒಬ್ಬ ಕೂಗಿದನಂತೆ. ತಪ್ಪು ಮಾಡದವನು ಕೈ ಯಾಕೆ ಬದಲಾಯಿಸುತ್ತಾನೆ ಎಂಬ ಪ್ರಶ್ನೆ ಸಂಜೆಯೊಳಗೆ ಇಡೀ ಕಚೇರಿಯ ಬಾಯಲ್ಲಿತ್ತು.

ವಿಚಾರಣೆ ಮೂರು ತಿಂಗಳು ನಡೆಯಿತು. ಏನೂ ಸಿಗಲಿಲ್ಲ, ಸಿಗಲು ಏನಾದರೂ ಇದ್ದರೆ ತಾನೆ? ಆದರೆ ವರದಿಯಲ್ಲಿ ‘ನಿರ್ದೋಷಿ’ ಎಂದು ಬರೆಯದೆ ‘ಆರೋಪ ಸಾಬೀತಾಗಿಲ್ಲ’ ಎಂದು ಬರೆದರು. ‘ಸಾಬೀತಾಗಿಲ್ಲ ಅಂದ್ರೆ ಇನ್ನೂ ಹುಡುಕ್ತಾ ಇದ್ದಾರೆ ಅಂತ ಅರ್ಥ,’ ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ. ಅಪ್ಪನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ನಿವೃತ್ತಿಯಾಗುವವರೆಗೆ ಹದಿನೈದು ವರ್ಷ ಅಲ್ಲೇ, ಬಡ್ತಿ ಇಲ್ಲ, ಕಿಟಕಿ ಇಲ್ಲ.

ಅದನ್ನೂ ಅಪ್ಪ ಹೊಟ್ಟೆಗೆ ಹಾಕಿಕೊಂಡಾರು. ಹಾಕಿಕೊಳ್ಳಲಾಗದ್ದು ಒಂದೇ: ತಾನು ಎಡಚ ಎಂದು ಪತ್ರಿಕೆಯವರಿಗೆ ಹೇಳಿದ್ದು ಯಾರು? ಉತ್ತರಕ್ಕೆ ಬಹಳ ದೂರ ಹೋಗಬೇಕಿರಲಿಲ್ಲ. ಪಕ್ಕದ ಮೇಜಿನಲ್ಲಿ ಅಪ್ಪನ ಜೀವದ ಗೆಳೆಯರೊಬ್ಬರಿದ್ದರು. ಬಿಸಿಲಿಗೂ ಕೊಡೆ, ಮೋಡಕ್ಕೂ ಕೊಡೆ, ಏನೂ ಇಲ್ಲದ ದಿನ ಊರುಗೋಲಾಗಿಯೂ ಕೊಡೆ. ನಾನು ಅವರನ್ನು ಕೊಡೆ ಚಿಕ್ಕಪ್ಪ ಎಂದೇ ಕರೆಯುತ್ತಿದ್ದೆ. ಅವರಿಗೆ ನಗೆಹನಿ ಬರೆಯುವ ಚಟ. ಅದೇ ವಾರಪತ್ರಿಕೆಗೆ ಕಳಿಸುತ್ತಿದ್ದರು, ಬುಧವಾರ ಸಂಜೆ ಅಲ್ಲಿ ಹೋಗಿ ಹರಟೆ ಹೊಡೆಯುತ್ತಿದ್ದರು. ಇನ್ನೇನು ಬೇಕು? ‘ನಾನಲ್ಲ ಕಣೋ,’ ಎಂದು ನಾಲ್ಕು ಸಲ ಮನೆ ಬಾಗಿಲಿಗೆ ಬಂದರು. ನಾಲ್ಕನೇ ಸಲ ಅಪ್ಪ ಬಾಗಿಲನ್ನೇ ತೆರೆಯಲಿಲ್ಲ. ಕೊಡೆಯ ತುದಿ ಮೆಟ್ಟಿಲಿಗೆ ತಾಗುತ್ತಾ ಇಳಿದು ಹೋದ ಸದ್ದನ್ನು ನಾನು ಒಳಗೆ ನಿಂತು ಕೇಳಿದ್ದೆ. ಇದಾಗಿ ನಲವತ್ತೊಂದು ವರ್ಷ.

ಈಗ ನನ್ನ ಕಥೆಗೆ ಬರುತ್ತೇನೆ. ನಾನು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ವಿಭಾಗ ನೋಡಿಕೊಳ್ಳುತ್ತೇನೆ. ದೂಳು ನನ್ನ ಕಸುಬು, ಸೀನು ನನ್ನ ಸಂಬಳದ ಭಾಗ. ಈ ವರ್ಷ ಮೇಲಿನವರಿಗೆ ಒಂದು ಹುಕಿ ಬಂತು: ಮುಚ್ಚಿಹೋದ ಆ ನಗೆ ವಾರಪತ್ರಿಕೆಯ ನೂರು ವ್ಯಂಗ್ಯಚಿತ್ರಗಳ ಪ್ರದರ್ಶನ ಮಾಡಬೇಕು, ಒಂದೊಂದರ ಕೆಳಗೂ ಆ ಕಾಲದ ಜನರು ಇದಕ್ಕೆ ಯಾಕೆ ನಗುತ್ತಿದ್ದರು ಎಂದು ನಾಲ್ಕು ಸಾಲು ಬರೆಯಬೇಕು. ಬರೆಯುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಕಾರಣ ಹೇಳುವ ಬದಲು ಒಪ್ಪಿಕೊಂಡೆ.

ಎರಡು ತಿಂಗಳು ಆ ನಗೆಯ ಜೊತೆ ಸಂಸಾರ ಮಾಡಿದೆ. ನಿಜ ಹೇಳುತ್ತೇನೆ, ಅರ್ಧಕ್ಕರ್ಧ ಚಿತ್ರಗಳಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತ ಡೊಳ್ಳು ಹೊಟ್ಟೆಯ ಹೆಂಡತಿ, ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಹೆಜ್ಜೆ ಇಡುವ ನರಪೇತಲ ಗಂಡ: ಇದೊಂದೇ ಹದಿನಾಲ್ಕು ಸಲ. ಸಾಹೇಬರ ತೊಡೆಯ ಮೇಲೆ ಕೂತ ಟೈಪಿಸ್ಟು ಒಂಬತ್ತು ಸಲ. ಆ ಕಾಲದಲ್ಲಿ ನಮ್ಮ ದೊಡ್ಡಮ್ಮನೂ ಟೈಪಿಸ್ಟೇ. ದಿನವಿಡೀ ಬೆರಳು ಸವೆಸಿ ಬಂದು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಅದನ್ನು ಯಾರೂ ಬರೆಯಲಿಲ್ಲ. ಕೆಲವು ಮಾತ್ರ ಇವತ್ತಿಗೂ ಚುಚ್ಚುತ್ತವೆ. ತಾತ ಟೆಲಿಫೋನಿಗೆ ಅರ್ಜಿ ಹಾಕಿದ್ದಾನೆ, ಕೊನೆಗೂ ಬಂದ ಫೋನನ್ನು ಮೊಮ್ಮಗ ಹಾರ ಹಾಕಿದ ತಾತನ ಫೋಟೋದ ಕೆಳಗೆ ಇಡುತ್ತಿದ್ದಾನೆ. ಚೆನ್ನಾಗಿದೆ. ಆದರೆ ಓದುತ್ತಾ ಓದುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಚಿತ್ರಗಳಲ್ಲಿ ಮಂತ್ರಿಗೆ ಮುಖವೇ ಇಲ್ಲ, ಬೆನ್ನು ಮಾತ್ರ. ಗುಮಾಸ್ತನಿಗೆ ಮಾತ್ರ ಮೂಗು, ಕಿವಿ, ಗಂಟಲ ಮಣಿ, ತೇಪೆ ಹಾಕಿದ ಮೊಣಕೈ ಎಲ್ಲವೂ ಇವೆ. ಧೈರ್ಯವನ್ನು ಎಲ್ಲಿ ಖರ್ಚು ಮಾಡಬೇಕೆಂದು ಆ ಸಂಪಾದಕ ಮಹಾಶಯರಿಗೆ ಚೆನ್ನಾಗಿ ಗೊತ್ತಿತ್ತು.

ನೂರರ ಪಟ್ಟಿಯಲ್ಲಿ ಅಪ್ಪನ ಚಿತ್ರ ಮೊದಲನೆಯದು. ಪತ್ರಿಕೆಯ ಅತ್ಯಂತ ಪ್ರಸಿದ್ಧ ಚಿತ್ರವಂತೆ. ಗೋಡೆಯಷ್ಟು ದೊಡ್ಡದು ಮಾಡಿ ಬಾಗಿಲಲ್ಲೇ ಹಾಕಬೇಕಂತೆ. ಅದನ್ನು ಹೇಗಾದರೂ ತಪ್ಪಿಸಬೇಕೆಂದು ದಾರಿ ಹುಡುಕುತ್ತಿರುವಾಗಲೇ ಚಿತ್ರಕಾರರ ಮೊಮ್ಮಗಳು ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟಳು. ತಾತ ಕೈಯಲ್ಲಿ ಬರೆದ ಮೂಲ ಚಿತ್ರಗಳು. ಅದರಲ್ಲಿ ಇದೂ ಇತ್ತು. ಅಚ್ಚಾದ ಪುಟವನ್ನೂ ಮೂಲವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಮೂಲದಲ್ಲಿ ಗುಮಾಸ್ತ ಸೀಲು ಒತ್ತುತ್ತಿರುವುದು ಬಲಗೈಯಲ್ಲಿ.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಮೂಲದಲ್ಲಿ ಗೋಡೆಯ ಎಡಕ್ಕಿದ್ದ ಅಂಕಿಯಿಲ್ಲದ ಗಡಿಯಾರ ಅಚ್ಚಿನಲ್ಲಿ ಬಲಕ್ಕೆ ಹೋಗಿದೆ. ಅಂಗಿಯ ಜೇಬು ಎಲ್ಲರಿಗೂ ಎಡ ಎದೆಯ ಮೇಲಿದ್ದರೆ, ಅಚ್ಚಿನಲ್ಲಿ ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಬಲ ಎದೆಯ ಮೇಲಿದೆ. ನಲವತ್ತೊಂದು ವರ್ಷ ಸಾವಿರಾರು ಜನ ನೋಡಿದ್ದರು, ಒಬ್ಬನೂ ಜೇಬು ನೋಡಿರಲಿಲ್ಲ. ಕನ್ನಡಿಯಲ್ಲಿ ಕಂಡಂತೆ ಇಡೀ ಚಿತ್ರವೇ ಎಡಬಲ ಅದಲುಬದಲಾಗಿತ್ತು. ಅಂದರೆ ಚಿತ್ರಕಾರರು ಎಡಚರ ಚಿತ್ರ ಬರೆದಿರಲಿಲ್ಲ. ಯಾವನೋ ಒಬ್ಬ ಗುಮಾಸ್ತ, ಎಲ್ಲ ಗುಮಾಸ್ತರಂಥವನು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಕೊಡೆ ಚಿಕ್ಕಪ್ಪನಂತೂ ಅಲ್ಲವೇ ಅಲ್ಲ.

ಆಗ ಮೂಲಚಿತ್ರದ ಅಂಚಿನಲ್ಲಿ ಒಂದು ಗುರುತು ಕಂಡಿತು. ನೀಲಿ ಪೆನ್ಸಿಲ್ಲಿನಲ್ಲಿ ಬ್ಲಾಕಿನ ಅಳತೆ, ಪಕ್ಕದಲ್ಲಿ ಬಾಲ ಸುರುಳಿ ಸುತ್ತಿದ ಒಂದು ರೈಟ್ ಮಾರ್ಕು. ಆ ಸುರುಳಿ ಬಾಲವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಮ್ಮ ಸೋದರಮಾವನದು.

ಮಾವ ಆ ಪತ್ರಿಕೆಯಲ್ಲಿ ಬ್ಲಾಕ್ ಮಾಡುತ್ತಿದ್ದರು. ಕತ್ತಲೆ ಕೋಣೆಯ ಕೆಲಸ, ಬರೆಯುವವರ ಜೊತೆ ಮಾತುಕತೆಯಿಲ್ಲ ಎಂದು ಅಪ್ಪನ ಅನುಮಾನ ಆ ಕಡೆ ಹೋಗಿರಲೇ ಇಲ್ಲ. ಆಗ ಚಿತ್ರ ಅಚ್ಚಾಗಬೇಕಾದರೆ ಮೊದಲು ದೊಡ್ಡ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದು, ಸತುವಿನ ತಗಡಿನ ಮೇಲೆ ಮೂಡಿಸಿ, ಆಸಿಡ್ಡಿನಲ್ಲಿ ಕೊರೆದು ಬ್ಲಾಕ್ ಮಾಡಬೇಕಿತ್ತು. ನಡುವೆ ಒಂದು ಸೂಕ್ಷ್ಮ ಕೆಲಸ: ಫೋಟೋದ ತೆಳ್ಳನೆಯ ಒದ್ದೆ ಪೊರೆಯನ್ನು ಗಾಜಿನಿಂದ ಬಿಡಿಸಿ, ಮಗುಚಿ, ಇನ್ನೊಂದು ಗಾಜಿಗೆ ಅಂಟಿಸಬೇಕು. ಮಗುಚದಿದ್ದರೆ ಕಾಗದದ ಮೇಲೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಚಿತ್ರದೊಳಗೆ ಅಕ್ಷರ ಇದ್ದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಈ ಚಿತ್ರಕಾರರು ಅಕ್ಷರ ಬರೆಯುವವರಲ್ಲ. ಅವರ ರುಜು ಎಂದರೆ ಒಂದು ಸೊನ್ನೆ, ಅದರೊಳಗೊಂದು ಚುಕ್ಕೆ. ಯಾವ ಕಡೆಯಿಂದ ನೋಡಿದರೂ ಸೊನ್ನೆ ಸೊನ್ನೆಯೇ.

ನಮ್ಮ ಮಾವ ಎಂದರೆ ಯಾರು ಗೊತ್ತೆ? ಅಪ್ಪ ಈ ಜಗತ್ತಿನಲ್ಲಿ ನಂಬುವ ಒಬ್ಬನೇ ಮನುಷ್ಯ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಓಡಾಟ, ಎಲ್ಲಕ್ಕೂ ಮಾವನೇ ಬೇಕು. ಪ್ರತಿ ಭಾನುವಾರ ಹಣ್ಣಿನ ಚೀಲ ಹಿಡಿದು ಊಟಕ್ಕೆ ಬರುತ್ತಾರೆ. ಅಮ್ಮ ತೀರಿಕೊಂಡು ಎಂಟು ವರ್ಷವಾಯಿತು, ಒಂದು ಭಾನುವಾರವೂ ತಪ್ಪಿಲ್ಲ. ಕರೆಗಂಟೆ ಒತ್ತಿದಾಗ ಪ್ರಶ್ನೆ ಕೇಳದೆ ಅಪ್ಪ ಬಾಗಿಲು ತೆರೆಯುವುದು ಅವರಿಗೆ ಮಾತ್ರ.

ನಾನೂ ಅಪ್ಪನ ಮಗಳೇ. ಗ್ರಂಥಾಲಯದಿಂದ ಮಾವನ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗಲೇ ತಲೆಯೊಳಗೆ ಹುಳು ಹೊಕ್ಕಿತು. ಮಾವನ ಮದುವೆಯಾದದ್ದೂ ಅದೇ ತಿಂಗಳು. ಮದುವೆಗೆ ಸಕ್ಕರೆ ಜಾಸ್ತಿ ಬರೆದುಕೊಡಿ ಎಂದು ಮಾವ ಕೇಳಿದ್ದರು, ‘ನಿಯಮ ಎಲ್ಲರಿಗೂ ಒಂದೇ’ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹೆಣ್ಣಿನ ಕಡೆಯವರೆದುರು ಮಾವನ ಮಾನ ಹೋಗಿತ್ತು. ಇದು ನೆನಪಾದ ಮೇಲೆ ಅವರು ತಂದುಕೊಟ್ಟ ಹಣ್ಣನ್ನೆಲ್ಲ ಭಾನುವಾರ ಭಾನುವಾರ ಲೆಕ್ಕ ಹಾಕುತ್ತಾ ಕೂತೆ.

ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆರಳುಗಳ ಮೇಲೆ ಆಸಿಡ್ ಸುಟ್ಟ ಕಲೆಗಳು ಈಗಲೂ ಹಾಗೇ ಇವೆ. ನಾನು ಎರಡು ನಕಲು ಹಾಳೆಗಳನ್ನು ಅವರ ತೊಡೆಯ ಮೇಲಿಟ್ಟೆ. ಅವರು ಒಂದೇ ಸಲ ನೋಡಿದರು.

‘ಮಗುಚೋದು ಮರೆತೆ,’ ಎಂದರು.

‘ಮರೆತ್ರಾ, ಮರೆತ ಹಾಗೆ ಮಾಡಿದ್ರಾ?’

‘ಮೊದಲನೇ ಸಲ ಸರಿಯಾಗೇ ಮಗುಚಿದ್ದೆ ಕಣಮ್ಮ. ಪೊರೆ ಹರಿದುಹೋಯ್ತು. ಇನ್ನೊಂದು ಫೋಟೋ ತೆಗೆದೆ. ಅಷ್ಟರಲ್ಲಿ ಮಷಿನ್ನಿನವನು ಬಾಗಿಲು ಬಡೀತಿದ್ದ. ಮಗುಚಿದ ನೆನಪಿತ್ತಲ್ಲ, ಅದು ಹರಿದುಹೋಗಿದ್ದರ ನೆನಪು. ಅದೇ ಮೋಸ ಮಾಡ್ತು.’

‘ಅಚ್ಚಾದ ಮೇಲೆ ಗೊತ್ತಾಗ್ಲಿಲ್ವಾ?’

‘ಗೊತ್ತಾಯ್ತು. ಚಿತ್ರದವರೇ ಓಡಿ ಬಂದು ಕೂಗಾಡಿದ್ರು. ಸಂಪಾದಕರು, ಗುಮಾಸ್ತನ ಕೈ ಎಡ ಆದ್ರೇನು ಬಲ ಆದ್ರೇನು, ಯಾರು ನೋಡ್ತಾರೆ ಅಂದ್ರು. ಸೋಮವಾರ ಭಾವನ ಗಲಾಟೆ ಆಯ್ತು. ನಿಜ ಹೇಳಿಬಿಡ್ತೀನಿ ಅಂತ ಸಂಪಾದಕರ ಹತ್ತಿರ ಹೋದೆ. ತಪ್ಪು ಹೊರಗೆ ಹೋದ್ರೆ ನೀನೂ ಹೊರಗೆ ಅಂದ್ರು. ಮದುವೆ ಆಗಿ ಹತ್ತು ದಿನ ಆಗಿತ್ತು ನನಗೆ.’

‘ಆಮೇಲೆ?’

‘ಆಮೇಲೆ ಹೇಳಿದ್ರೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದ್ರು. ದಿನಾ ಒಂದು ದಿನ ಜಾಸ್ತಿ ಆಗ್ತಾ ಹೋಯ್ತು. ಅಕ್ಕನಿಗೂ ಹೇಳ್ಲಿಲ್ಲ.’ ಅವರು ನನ್ನ ಕೈ ಹಿಡಿದುಕೊಂಡರು. ‘ಈಗ ಹೇಳಬೇಡ ಕಣಮ್ಮ. ಭಾವ ನಂಬೋದು ನನ್ನೊಬ್ಬನ್ನೇ. ಅದೂ ಹೋದ್ರೆ ಅವರಿಗೆ ಯಾರಿದ್ದಾರೆ?’

ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮನ್ನು ಉಳಿಸಿಕೊಳ್ಳುವ ಮಾತನ್ನೂ ಅಪ್ಪನ ಮೇಲಿನ ಕನಿಕರದಂತೆ ಆಡಿಬಿಟ್ಟರಲ್ಲ! ಆದರೂ ಮಾತು ಸುಳ್ಳಲ್ಲ. ಹೇಳಿದರೆ ಅಪ್ಪನಿಗೆ ಮಾನ ಮರಳಿ ಬರುತ್ತದೆ, ಇರುವ ಒಬ್ಬ ಮನುಷ್ಯ ಹೋಗುತ್ತಾನೆ. ಹೇಳದಿದ್ದರೆ ಮಾವ ಉಳಿಯುತ್ತಾರೆ, ಕೊಡೆ ಚಿಕ್ಕಪ್ಪ ದ್ರೋಹಿಯಾಗಿಯೇ ಸಾಯುತ್ತಾರೆ. ಹಾಳೆಗಳನ್ನು ಎತ್ತಿಕೊಂಡು ಎದ್ದೆ. ‘ಭಾನುವಾರ ಬರ್ತೀರಲ್ಲ, ನೀವೇ ಹೇಳಿ. ಊಟ ಮುಗಿಯೋವರೆಗೆ ಕಾಯ್ತೀನಿ. ಆಮೇಲೆ ನಾನು ಹೇಳ್ತೀನಿ,’ ಎಂದೆ.

ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಊಟದಲ್ಲಿ ಅನ್ನ ಕಲಸುತ್ತಾ ಕೂತರೇ ಹೊರತು ತಿನ್ನಲಿಲ್ಲ. ಅಪ್ಪನೇ, ‘ಯಾಕೋ, ಹುಷಾರಿಲ್ವಾ?’ ಎಂದು ಎರಡು ಸಲ ಕೇಳಿದರು. ಕೈ ತೊಳೆದು ಬಂದ ಮೇಲೆ ಮಾವ ನಿಂತುಕೊಂಡೇ ಹೇಳಿದರು, ತಲೆ ತಗ್ಗಿಸಿ, ಒಂದೇ ಉಸಿರಿಗೆ. ನಾನು ಹಾಳೆಗಳನ್ನು ಮೇಜಿನ ಮೇಲಿಟ್ಟೆ.

ಅಪ್ಪ ಹದಿನೈದು ವರ್ಷ ದಾಖಲೆ ಕೋಣೆಯಲ್ಲಿ ಕಾಗದ ತಿರುವಿದವರು. ಭೂತಕನ್ನಡಿ ತರಿಸಿಕೊಂಡರು. ಕೈ, ಗಡಿಯಾರ, ಒಬ್ಬೊಬ್ಬನ ಜೇಬು, ಅಂಚಿನ ನೀಲಿ ಗುರುತು, ಎಲ್ಲವನ್ನೂ ನೋಡಿದರು. ಮಾವ ಅಷ್ಟೂ ಹೊತ್ತು ನಿಂತೇ ಇದ್ದರು. ಕೂತುಕೋ ಎಂದು ಅಪ್ಪ ಹೇಳಲಿಲ್ಲ.

‘ಸಕ್ಕರೆಗಾ?’ ಎಂದು ಕೊನೆಗೆ ಕೇಳಿದರು.

‘ಅಲ್ಲ ಭಾವ. ದೇವರಾಣೆಗೂ ಮರೆತದ್ದು.’

‘ಅಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?’

ಮಾವ ತಾವು ತಂದ ಹಣ್ಣಿನ ಚೀಲವನ್ನು ಮೇಜಿನ ತುದಿಗೆ ಸರಿಸಿದರು. ಸಕ್ಕರೆಗೋ, ಮರೆವಿಗೋ, ನನಗೂ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ಗೊತ್ತಿಲ್ಲ.

‘ಹಾಲಿನವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರನ್ನೂ ಅನುಮಾನಿಸಿದೆ,’ ಎಂದರು ಅಪ್ಪ. ‘ಬಿಟ್ಟದ್ದು ಒಬ್ಬನನ್ನ.’ ದನಿ ಏರಿಸಲಿಲ್ಲ. ಮಾವ ಬಾಗಿಲವರೆಗೆ ಹೋಗಿ, ನಿಂತು, ಮತ್ತೆ ಹೋದರು. ಅಳುತ್ತಿದ್ದರು. ಕರೆಯೋಣವೆಂದು ನನಗನ್ನಿಸಿತು, ಕರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟು ನಿಂತರು. ‘ಅವನ ಮನೆ ಎಲ್ಲಿ ಅಂತ ಗೊತ್ತಾ ನಿನಗೆ?’ ಎಂದರು. ಯಾರ ಮನೆ ಎಂದು ನಾನು ಕೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಕೊಡೆ ಚಿಕ್ಕಪ್ಪ ಗ್ರಂಥಾಲಯಕ್ಕೆ ತಿಂಗಳಿಗೊಮ್ಮೆ ಬರುತ್ತಾರೆ, ನನ್ನನ್ನು ನೋಡಿದರೆ ಬೇರೆ ಕಪಾಟಿನ ಕಡೆ ಸರಿಯುತ್ತಾರೆ. ಅವರ ಕಾರ್ಡಿನಲ್ಲಿ ವಿಳಾಸವಿದೆ.

ಎರಡನೆಯ ಮಹಡಿ. ಅಪ್ಪ ನಡುವೆ ಮೂರು ಸಲ ನಿಂತು ಹತ್ತಿದರು. ಗಂಟೆ ಒತ್ತಿದೆ. ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿನಲ್ಲಿ ಅರ್ಧ ಮುಖ, ಬೆಳ್ಳನೆಯ ಹುಬ್ಬು. ಆ ಕಣ್ಣು ಅಪ್ಪನನ್ನು ನೋಡಿತು, ಹಿಂದೆ ನಿಂತ ನನ್ನನ್ನು ನೋಡಿತು, ನನ್ನ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಮೆಟ್ಟಿಲನ್ನು ನೋಡಿತು.

‘ಏನು ಬೇಕು?’

ಅಪ್ಪ ಹಾಳೆಗಳನ್ನು ಸಂದಿನಲ್ಲಿ ತೂರಿಸಿದರು. ಚಿತ್ರ ತಿರುಗಿದ್ದು, ಪೊರೆ ಹರಿದದ್ದು, ಭಾವಮೈದ ಮುಚ್ಚಿಟ್ಟದ್ದು, ಎಲ್ಲವನ್ನೂ ಮೇಲುಸಿರು ಬಿಡುತ್ತಾ ಹೇಳಿದರು. ‘ನೀನು ಹೇಳಿದ್ದಲ್ಲ ಅಂತ ಈಗ ಗೊತ್ತಾಯ್ತು ಕಣೋ. ಸಾಕ್ಷಿ ಇದೆ ನೋಡು.’

ಹಾಳೆಗಳು ಹಾಗೇ ಹೊರಗೆ ಬಂದವು. ಅವರು ಸರಿಯಾಗಿ ನೋಡಿರಲೂ ಇಲ್ಲ.

‘ಒಂದು ಚಿತ್ರ ನೋಡಿ ಊರವರು ನಿನ್ನ ಕಳ್ಳ ಅಂದ್ರು. ಅದೇ ಚಿತ್ರ ನೋಡಿ ನೀನು ನನ್ನ ದ್ರೋಹಿ ಅಂದೆ. ಈಗ ಇನ್ನೊಂದು ಚಿತ್ರ ತಂದು ಅಲ್ಲ ಅಂತೀಯ. ನಾನು ನಾಲ್ಕು ಸಲ ಬಂದು ಬಾಯಿಬಿಟ್ಟು ಹೇಳಿದ್ದೆನಲ್ಲ, ಅದು ಏನಾಯ್ತು?’

ಅಪ್ಪ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು.

‘ಅಕಸ್ಮಾತ್ ಈ ಕಾಗದ ಸಿಗದೇ ಇದ್ದಿದ್ರೆ? ಬರ್ತಿದ್ಯಾ?’

ಬರುತ್ತಿದ್ದೆ ಎನ್ನಿ ಅಪ್ಪ, ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ. ಒಂದು ಸುಳ್ಳು, ಒಂದೇ ಒಂದು, ಯಾರಿಗೂ ನಷ್ಟವಿಲ್ಲ.

‘ಇಲ್ಲ,’ ಎಂದರು ಅಪ್ಪ. ‘ಬರ್ತಿರಲಿಲ್ಲ.’

ಬಾಗಿಲು ಮುಚ್ಚಿಕೊಂಡಿತು. ಮುಗಿಯಿತು ಎಂದು ನಾನು ಅಪ್ಪನ ತೋಳು ಹಿಡಿದೆ. ಅಪ್ಪ ಅಲುಗಲಿಲ್ಲ, ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತರು. ಒಳಗೆ ಸರಪಳಿ ಕಳಚಿದ ಸದ್ದಾಯಿತು. ಕೊಡೆ ಚಿಕ್ಕಪ್ಪ ಪೂರ್ತಿ ಬಾಗಿಲು ತೆರೆದು, ‘ಸುಳ್ಳು ಹೇಳಿದ್ರೆ ತೆಗೀತಿರಲಿಲ್ಲ,’ ಎಂದರು. ಆಮೇಲೆ ಅಪ್ಪ ಕೂರಲೆಂದು ಕುರ್ಚಿಯ ಮೇಲಿದ್ದ ಪೇಪರುಗಳನ್ನು ತೆಗೆದು ಕೆಳಗೆ ಇಟ್ಟರು.